ಸರ್ಕಾರಿ ಶಾಲೆಯಲ್ಲಿ ಧರ್ಮದ ಪಾಠ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಿಂದ ಒಂದು ವಿಚಾರ



ಈ ದತ್ತಿ ಉಪನ್ಯಾಸದ ಸಂಘಟಕರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರು. ತ.ರಾ.ಸು. ಅವರ ಕಾದಂಬರಿಗಳ ಮೇಲೋ ದುರ್ಗದ ಪಾಳೆಯಗಾರರ ಮೇಲೋ ಮಾತಾಡಿದ್ದರೆ ಯಾರಿಗೂ ಇರುಸುಮುರುಸಾಗುತ್ತಿರಲಿಲ್ಲ. ಆದರೆ ಈ ದತ್ತಿ ಶಿಕ್ಷಣದ ಹೆಸರಿನಲ್ಲಿದೆ. ಹಾಗಾಗಿ ಮೇಷ್ಟ್ರುಗಳು ಸ್ಟಾಫ್ ರೂಮಿನಲ್ಲಿ ಗಂಟೆಗಟ್ಟಲೆ ಚರ್ಚಿಸಿ, ವೇದಿಕೆ ಹತ್ತಿದಾಗ ಮಾತ್ರ ಜಾಣತನದಿಂದ ದಾಟಿಬಿಡುವ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ: ಸರ್ಕಾರಿ ಶಾಲೆಯಲ್ಲಿ ಧರ್ಮವನ್ನು ಕಲಿಸಬೇಕೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಗುಟ್ಟಾಗಿಡುವ ವಿಷಯ ಇದಲ್ಲ. ಮಗುವಿನಲ್ಲಿ ಯಾವುದೇ ಧರ್ಮದ ನಂಬಿಕೆ ಬಿತ್ತುವ ಕೆಲಸಕ್ಕೆ ಸರ್ಕಾರಿ ಶಾಲೆ ಕೈಹಾಕಬಾರದು. ಎಲ್ಲ ಧರ್ಮಗಳ ತಿಳಿವಳಿಕೆ ಕೊಡುವ ಕೆಲಸದಿಂದ ಅದು ಹಿಂಜರಿಯಲೂ ಬಾರದು. ಆ ‘ಎಲ್ಲ’ ಎಂಬುದರಲ್ಲಿ ಗ್ರಂಥವಿಲ್ಲದ, ಗೋಪುರವಿಲ್ಲದ ನಮ್ಮ ಹಟ್ಟಿಗಳ ದೇವರುಗಳೂ ಸೇರಿರಬೇಕು. ಈ ಮೂರನೆಯ ಮಾತು ರಾಜಧಾನಿಯ ಚರ್ಚೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅದನ್ನು ನಮ್ಮ ಸೀಮೆಯವರೇ ಹೇಳಬೇಕು.

1. ಪ್ರಶ್ನೆ ಮತ್ತೆ ಮತ್ತೆ ಏಳುವುದು

ನಮ್ಮ ರಾಜ್ಯದಲ್ಲಿ ಈ ವಿವಾದ ಕೆಲವು ವರ್ಷ ಮಲಗಿರುತ್ತದೆ, ಮತ್ತೆ ಏಳುತ್ತದೆ. 2011ರಲ್ಲಿ ಶಾಲೆಗಳಲ್ಲಿ ಭಗವದ್ಗೀತಾ ಅಭಿಯಾನ ನಡೆದಾಗ ದೊಡ್ಡ ವಾಗ್ವಾದವೇ ಆಯಿತು. 2022ರ ಮಾರ್ಚಿನಲ್ಲಿ ಗುಜರಾತ್ ಸರ್ಕಾರ ಆರರಿಂದ ಹನ್ನೆರಡನೆಯ ತರಗತಿಯವರೆಗೆ ಗೀತೆಯನ್ನು ಪಠ್ಯಕ್ಕೆ ಸೇರಿಸುವುದಾಗಿ ಪ್ರಕಟಿಸಿತು. ಆಗ ನಮ್ಮ ಶಿಕ್ಷಣ ಸಚಿವರಾಗಿದ್ದ ಬಿ.ಸಿ. ನಾಗೇಶ್ ಅವರು ನೈತಿಕ ಶಿಕ್ಷಣದ ಭಾಗವಾಗಿ ಇಲ್ಲೂ ಅದನ್ನು ತರುವ ಮಾತಾಡಿದರು. ಅದೇ ವರ್ಷ ಹಿಜಾಬ್ ಪ್ರಕರಣ ನಡೆಯಿತು. ಮಾರ್ಚ್ 15ರಂದು ರಾಜ್ಯ ಹೈಕೋರ್ಟು ಸಮವಸ್ತ್ರ ಕುರಿತ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಬ್ಬರಿಗೊಬ್ಬರು ವಿರುದ್ಧವಾದ ತೀರ್ಪು ಕೊಟ್ಟರು.

2022ರ ಇನ್ನೊಂದು ಘಟನೆ ನಮಗೆ ಇನ್ನೂ ಹತ್ತಿರದ್ದು. ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಬಸವಣ್ಣನವರ ಬಗ್ಗೆ ಇದ್ದ ಭಾಗವನ್ನು ಪರಿಷ್ಕರಣ ಸಮಿತಿ ಬದಲಾಯಿಸಿತು. ನಮ್ಮದೇ ಜಿಲ್ಲೆಯ ಸಾಣೇಹಳ್ಳಿಯ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಅದು ಸರಿಯಲ್ಲವೆಂದು ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಬೇರೆ ಮಠಾಧೀಶರೂ ದನಿಗೂಡಿಸಿದರು. ಸರ್ಕಾರ ಆ ಭಾಗವನ್ನು ತಿದ್ದಲು ಒಪ್ಪಿಕೊಳ್ಳಬೇಕಾಯಿತು. ಬಸವಣ್ಣನವರ ಭಾವಚಿತ್ರವಿಲ್ಲದ ಸರ್ಕಾರಿ ಶಾಲೆ ಕರ್ನಾಟಕದಲ್ಲಿ ಸಿಕ್ಕುವುದು ಕಷ್ಟ. ಅಂಥವರ ಜೀವನವನ್ನು ಒಂದೆರಡು ಪ್ಯಾರಾದಲ್ಲಿ ಬರೆಯುವಾಗಲೇ ಇಷ್ಟು ಜಟಾಪಟಿಯಾಯಿತು. ಹಾಗಿರುವಾಗ ಧರ್ಮದ ಪಾಠಕ್ಕೇ ವಾರಕ್ಕೊಂದು ಪಿರಿಯಡ್ ಇಟ್ಟರೆ ಅದರ ಪುಸ್ತಕ ಬರೆಯುವವರು ಯಾರು, ಒಪ್ಪುವವರು ಯಾರು? ಸರ್ಕಾರ ಬದಲಾದಾಗಲೆಲ್ಲ ದೇವರೂ ಬದಲಾಗಬೇಕೆ?

ಇನ್ನೊಂದು ಉದಾಹರಣೆ 2024ರ ಫೆಬ್ರವರಿಯದು. ಸರ್ಕಾರಿ ವಸತಿ ಶಾಲೆಗಳ ಬಾಗಿಲಲ್ಲಿ ಮಕ್ಕಳು ಕೈಮುಗಿದು ಒಳಬರಲಿ ಎಂದಿದ್ದ ಫಲಕ ಹೋಗಿ, ಧೈರ್ಯವಾಗಿ ಪ್ರಶ್ನಿಸಲಿ ಎಂಬ ಫಲಕ ಬಂತು. ರಾಜ್ಯವೆಲ್ಲ ಎರಡು ಪಾಳಯವಾಗಿ ಕಿತ್ತಾಡಿತು. ಕೈಮುಗಿದವನು ಪ್ರಶ್ನೆ ಕೇಳಬಾರದು, ಪ್ರಶ್ನೆ ಕೇಳುವವನು ಕೈಮುಗಿಯಬಾರದು ಎಂದು ಯಾರು ಹೇಳಿದರೋ ತಿಳಿಯದು. ನಮ್ಮ ಹಳ್ಳಿಯ ಮಕ್ಕಳು ಎರಡನ್ನೂ ಮಾಡುತ್ತಾರೆ.

2. ಬಂಡೆಯ ಮೇಲಿನ ಪಾಠ

ಈ ಪ್ರಶ್ನೆಗೆ ನಮ್ಮ ನೆಲದಲ್ಲಿ ಬಹಳ ಹಳೆಯ ಉತ್ತರವೊಂದಿದೆ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಒಂದಕ್ಕೊಂದು ಹತ್ತಿರದ ಮೂರು ಜಾಗಗಳಲ್ಲಿ ಅಶೋಕನ ಶಾಸನಗಳಿವೆ: ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟ. ಬಿ.ಎಲ್. ರೈಸ್ 1892ರಲ್ಲಿ ಇವನ್ನು ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯನ್ನು ಊರವರು ಕರೆಯುತ್ತಿದ್ದುದು ‘ಅಕ್ಷರಗುಂಡು’ ಎಂದು. ಓದಲು ಬಾರದಿದ್ದರೂ ಅಲ್ಲಿರುವುದು ಅಕ್ಷರ ಎಂಬುದನ್ನು ಅವರು ಬಲ್ಲವರಾಗಿದ್ದರು.

ಆ ಬಂಡೆಯ ಒಕ್ಕಣೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಲ್ಲಿನ ಇಸಿಲದ ಮಹಾಮಾತ್ರರಿಗೆ ಬರೆದ ಪತ್ರದಂತೆ ಅದು ಶುರುವಾಗುತ್ತದೆ. ಮೊದಲು ಆರೋಗ್ಯ ವಿಚಾರಣೆ, ಆಮೇಲೆ ರಾಜನ ಮಾತು. ಮೊದಲರ್ಧದಲ್ಲಿ ಅಶೋಕ ತನ್ನ ಸ್ವಂತದ ವಿಷಯ ಹೇಳಿಕೊಳ್ಳುತ್ತಾನೆ: ತಾನು ಉಪಾಸಕನಾದದ್ದು, ಮೊದಮೊದಲು ಅಷ್ಟಾಗಿ ಶ್ರಮಪಡದೆ ಇದ್ದದ್ದು, ಸಂಘದ ಹತ್ತಿರ ಹೋದ ಮೇಲೆ ಶ್ರಮಪಟ್ಟದ್ದು. ಇದರ ಫಲ ದೊಡ್ಡವರಿಗೆ ಮಾತ್ರವಲ್ಲ, ಚಿಕ್ಕವರಿಗೂ ಸಿಗುತ್ತದೆ ಎನ್ನುತ್ತಾನೆ. ಎರಡನೆಯ ಭಾಗ ಜನರಿಗೆ ಹೇಳಿದ್ದು. ತಂದೆ ತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ಕರುಣೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ಸರಿಯಾಗಿ ನಡೆದುಕೊಳ್ಳಬೇಕು. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಬ್ರಾಹ್ಮಿಯಲ್ಲಿ ಶಾಸನ ಬರೆದ ಅವನು ತಾನು ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ತನ್ನ ಗುರುತು ಬಿಟ್ಟಿದ್ದಾನೆ.

ರಾಜ ತನ್ನ ನಂಬಿಕೆಯನ್ನು ಮುಚ್ಚಿಡಲಿಲ್ಲ. ತಾನು ಬೌದ್ಧ ಎಂದು ಬಂಡೆಯ ಮೇಲೇ ಬರೆಸಿದ. ಆದರೆ ಇಸಿಲದ ಜನರಿಂದ ಅವನು ಕೇಳಿದ್ದು ಬೌದ್ಧರಾಗಿ ಎಂದಲ್ಲ. ಯಾವ ಪಂಥದವನೂ ತನ್ನದೆಂದು ಒಪ್ಪಬಹುದಾದ, ಯಾವ ಪಂಥವೂ ತನ್ನದು ಮಾತ್ರ ಎಂದು ಹಕ್ಕು ಸಾಧಿಸಲಾಗದ ನಡತೆಯನ್ನು ಅವನು ಕೇಳಿದ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿ ಸಿಕ್ಕಿದ ಶಾಸನದಲ್ಲಿ ಅವನ ಹನ್ನೆರಡನೆಯ ಶಿಲಾಶಾಸನದ ಭಾಗವಿದೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಬೇರೆ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು ಎಂಬುದು ಆ ಶಾಸನದ ಸಾರ. ಅಶೋಕ ಚಕ್ರವರ್ತಿ; ಅವನ ಮಾತೆಂದರೆ ಆಜ್ಞೆ. ಅಂಥವನೇ ಇಷ್ಟು ಎಚ್ಚರದಿಂದ ನಡೆದುಕೊಂಡಿದ್ದಾನೆ. ಜನರ ತೆರಿಗೆಯಿಂದ, ಜನರ ಮತದಿಂದ ನಡೆಯುವ ಸರ್ಕಾರ ಅದಕ್ಕಿಂತ ಹೆಚ್ಚಿನ ಎಚ್ಚರದಲ್ಲಿರಬೇಕು.

3. ಸಂವಿಧಾನದ ಮಾತು

ಆ ಎಚ್ಚರವನ್ನು ನಮ್ಮ ಸಂವಿಧಾನ 28ನೆಯ ವಿಧಿಯಲ್ಲಿ ಬರೆದಿಟ್ಟಿದೆ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸರ್ಕಾರ ನಡೆಸುತ್ತಿದ್ದರೂ, ಧಾರ್ಮಿಕ ಬೋಧನೆ ಬೇಕೆಂದು ಷರತ್ತಿರುವ ದತ್ತಿಯಿಂದ ಹುಟ್ಟಿದ ಸಂಸ್ಥೆಗೆ ವಿನಾಯಿತಿ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಗಳಲ್ಲಿ ಬೋಧನೆ ಇರಬಹುದು. ಆದರೆ ಪೋಷಕರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಆ ಬೋಧನೆಗೋ ಪೂಜೆಗೋ ಕೂರಿಸುವಂತಿಲ್ಲ. ನಮ್ಮ ಜಿಲ್ಲೆಗೆ ಈ ಕೊನೆಯ ಮಾತು ಮುಖ್ಯ. ಸಿರಿಗೆರೆಯ ಮಠ, ಮುರುಘಾ ಮಠ ಮೊದಲಾದವು ಸರ್ಕಾರದ ಶಾಲೆ ತಲುಪದ ಕಾಲದಲ್ಲಿ ಹಳ್ಳಿ ಹಳ್ಳಿಗೆ ಹೈಸ್ಕೂಲು, ಹಾಸ್ಟೆಲು ತಂದಿವೆ. ಅಲ್ಲಿ ವಚನ ಹಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಚರ್ಚಿನ ಶಾಲೆಗೂ ಮುಸ್ಲಿಂ ಸಂಸ್ಥೆಗೂ ಇದೇ ನಿಯಮ. ‘ಅವರು ಕಲಿಸಬಹುದು, ನಾವು ಸರ್ಕಾರಿ ಶಾಲೆಯಲ್ಲಿ ಏಕೆ ಕಲಿಸಬಾರದು’ ಎಂದು ಕೇಳುವವರು ಈ ಭೇದವನ್ನು ಗಮನಿಸಬೇಕು. ಆ ಸಂಸ್ಥೆಗಳು ಒಂದು ಸಮುದಾಯ ಕಟ್ಟಿಕೊಂಡಂಥವು. ಸರ್ಕಾರಿ ಶಾಲೆ ಎಲ್ಲರ ಹಣದ್ದು.

1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆ ನಡೆದಾಗ ಅಂಬೇಡ್ಕರ್ ಕೊಟ್ಟ ಕಾರಣಗಳನ್ನು ಇಂದಿಗೂ ಯಾರೂ ಅಲ್ಲಗಳೆಯಲಾರರು. ಎಲ್ಲರಿಂದ ಎತ್ತಿದ ತೆರಿಗೆಯನ್ನು ಒಂದು ಧರ್ಮದ ಲಾಭಕ್ಕೆ ಬಳಸಬಾರದು ಎಂಬುದು ಒಂದು. ಇಷ್ಟೊಂದು ಧರ್ಮ, ಪಂಥಗಳಿರುವ ದೇಶದಲ್ಲಿ ಎಲ್ಲವಕ್ಕೂ ಶಾಲೆಯಲ್ಲಿ ಬೋಧನೆಯ ಏರ್ಪಾಡು ಮಾಡುವುದು ಆಗದ ಮಾತು ಎಂಬುದು ಇನ್ನೊಂದು. ಮೂರನೆಯದು ಕಟುವಾದದ್ದು: ತಾನು ಹೇಳಿದ್ದೇ ಮುಕ್ತಿಯ ದಾರಿ, ಉಳಿದದ್ದೆಲ್ಲ ತಪ್ಪು ಎನ್ನುವ ಬೋಧನೆಗಳನ್ನು ಒಂದೇ ಸೂರಿನಡಿ ತಂದರೆ ಶಾಲೆಯ ನೆಮ್ಮದಿಯೇ ಕೆಡುತ್ತದೆ.

ಆದರೆ ಬೋಧನೆ ಬೇಡ ಎಂದ ದೇಶ ತಿಳಿವಳಿಕೆಯೂ ಬೇಡ ಎನ್ನಲಿಲ್ಲ. ರಾಧಾಕೃಷ್ಣನ್ ಆಯೋಗ 1948–49ರಲ್ಲಿ ವಿಶ್ವವಿದ್ಯಾಲಯದ ಮಟ್ಟದಲ್ಲಿ ಮೌನಧ್ಯಾನ, ಧರ್ಮಗುರುಗಳ ಜೀವನ ಚರಿತ್ರೆ, ಬೇರೆ ಬೇರೆ ಧರ್ಮಗ್ರಂಥಗಳ ಆಯ್ದ ಭಾಗಗಳನ್ನು ಸೂಚಿಸಿತು. 1964–66ರ ಕೊಠಾರಿ ಆಯೋಗ ಇನ್ನೂ ಸ್ಪಷ್ಟವಾಗಿ, ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ; ಮೊದಲನೆಯದು ಸರ್ಕಾರದ ಕೆಲಸವಲ್ಲ, ಎರಡನೆಯದು ಬೇಕು ಎಂದಿತು. 2002ರ ಸೆಪ್ಟೆಂಬರ್ 12ರಂದು ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದೇ ಗೆರೆಯನ್ನು ಎಳೆಯಿತು. ಧರ್ಮಗಳ ಅಧ್ಯಯನ 28ನೆಯ ವಿಧಿಗೆ ವಿರುದ್ಧವಲ್ಲ ಎಂಬುದು ಆ ತೀರ್ಪು.

ಹೊರಗಿನ ದೇಶಗಳೂ ಇದೇ ಗೆರೆಯ ಅತ್ತಿತ್ತ ಓಡಾಡಿವೆ. ಇಂಗ್ಲೆಂಡು 1944ರ ಕಾಯ್ದೆಯಲ್ಲಿ ಶಾಲೆಯಲ್ಲಿ ಧಾರ್ಮಿಕ ಬೋಧನೆಯನ್ನು ಕಡ್ಡಾಯ ಮಾಡಿ, ಬೇಡವೆನ್ನುವ ತಂದೆ ತಾಯಿಗೆ ಮಗುವನ್ನು ಹೊರಗಿಡುವ ಹಕ್ಕು ಕೊಟ್ಟಿತು. ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ ಸರ್ಕಾರಿ ಶಾಲೆಯಲ್ಲಿ ಪ್ರಾರ್ಥನೆಯಾಗಿ ಬೈಬಲ್ ಓದಿಸುವುದನ್ನು ತಡೆಯಿತು. ಇತಿಹಾಸವಾಗಿ, ಸಾಹಿತ್ಯವಾಗಿ ಓದಿಸಲು ಅಡ್ಡಿಯಿಲ್ಲ ಎಂದಿತು. ಫ್ರಾನ್ಸ್ 2004ರಲ್ಲಿ ಎದ್ದುಕಾಣುವ ಧಾರ್ಮಿಕ ಗುರುತುಗಳನ್ನು ಶಾಲೆಯಿಂದ ಹೊರಗಿಟ್ಟಿತು. ವರ್ಣಭೇದದಿಂದ ಹೊರಬಂದ ದಕ್ಷಿಣ ಆಫ್ರಿಕಾ 2003ರ ನೀತಿಯಲ್ಲಿ ಒಂದು ಪಂಥದ ಬೋಧನೆಯನ್ನು ಬಿಟ್ಟು, ಎಲ್ಲ ಧರ್ಮಗಳ ಪರಿಚಯವನ್ನು ಇಟ್ಟುಕೊಂಡಿತು. ಅಲ್ಲಿನ ಜನ ಇಲ್ಲಿನಂತೆಯೇ ಬಗೆಬಗೆಯವರು. ನಮಗೆ ಹತ್ತಿರದ ದಾರಿ ಅದು.

4. ಗ್ರಂಥವಿಲ್ಲದ ದೇವರುಗಳು

ಶಾಲೆಯಲ್ಲಿ ಧರ್ಮ ಕಲಿಸಬೇಕು ಎನ್ನುವವರು ಸಾಮಾನ್ಯವಾಗಿ ಒಂದು ಪುಸ್ತಕವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಗೀತೆಯೋ ಕುರಾನೋ ಬೈಬಲ್ಲೋ ವಚನವೋ, ಒಟ್ಟಿನಲ್ಲಿ ಓದಿಸಿ ಬಾಯಿಪಾಠ ಮಾಡಿಸಬಹುದಾದ ಒಂದು ಗ್ರಂಥ. ಈಗ ನಮ್ಮ ಎರಡು ತಾಲ್ಲೂಕಿನ ಯಾವುದಾದರೂ ಹಳ್ಳಿ ಶಾಲೆಯ ಹಾಜರಿ ಪುಸ್ತಕ ಬಿಚ್ಚಿ ನೋಡಿ. ಓಬಯ್ಯ, ಪಾಲಯ್ಯ, ಬೋರಯ್ಯ, ಕ್ಯಾತಣ್ಣ, ಮಾರಕ್ಕ, ತಿಪ್ಪೇಸ್ವಾಮಿ, ರುದ್ರಮ್ಮ. ಈ ಹೆಸರುಗಳ ಹಿಂದಿರುವ ದೇವರುಗಳಲ್ಲಿ ಗ್ರಂಥವಿರುವವು ಎಷ್ಟು?

ಮ್ಯಾಸಬೇಡರ ಮಕ್ಕಳನ್ನು ತೆಗೆದುಕೊಳ್ಳಿ. ಎಷ್ಟೋ ಮನೆಗಳ ಮಾತು ತೆಲುಗು. ಗಾದ್ರಿ ಪಾಲನಾಯಕ, ಜಗಳೂರು ಪಾಪನಾಯಕರಂಥ ಪಶುಪಾಲಕ ವೀರರು ಅವರಿಗೆ ದೇವರು. ದೇವರ ಎತ್ತುಗಳ ಹಿಂಡನ್ನು ಕಿಲಾರಿ ಕಾಯುತ್ತಾನೆ. ಆ ಎತ್ತುಗಳ ಹೆಗಲಿಗೆ ನೊಗ ಇಡುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಕಟ್ಟುನಿಟ್ಟಿನವರು ಕೋಳಿ ಮುಟ್ಟುವುದಿಲ್ಲ, ಈಚಲು ಚಾಪೆಯ ಮೇಲೆ ಕೂರುವುದಿಲ್ಲ. ಕಾಡುಗೊಲ್ಲರಿಗೆ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ. ಪುರ್ಲಹಳ್ಳಿ ಕಡೆಯ ಕ್ಯಾತೇದೇವರ ಜಾತ್ರೆಯಲ್ಲಿ ಬಾರೆಮುಳ್ಳನ್ನು ಒಟ್ಟಿ ಗುಡಿ ಕಟ್ಟುತ್ತಾರೆ. ಬರಿಗಾಲಿನ ಹುಡುಗರು ಆ ಮುಳ್ಳಿನ ಮೇಲೆ ಹತ್ತಿ ಕಳಸ ಕೀಳುತ್ತಾರೆ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಪೀರಲು ಹಬ್ಬದಲ್ಲಿ ಅಲಾಯಿ ಕುಣಿಯುವವರಲ್ಲಿ ಮುಸ್ಲಿಮರಲ್ಲದವರೂ ಇರುತ್ತಾರೆ. ಮೊಳಕಾಲ್ಮೂರಿನ ನುಂಕೆಮಲೆಯಲ್ಲಿ ನಾಥಪಂಥದ ನೆನಪಿದೆ. ಅಶೋಕನ ಶಾಸನವಿರುವ ಜಟಿಂಗ ರಾಮೇಶ್ವರ ಬೆಟ್ಟದಲ್ಲೇ ಜಟಾಯು ಬಿದ್ದನೆಂದೂ ರಾಮನು ಅಲ್ಲಿ ಅವನಿಗೆ ಸಂಸ್ಕಾರ ಮಾಡಿದನೆಂದೂ ಜನ ನಂಬುತ್ತಾರೆ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನಂತೂ ಜಾತಿ ಕೇಳದೆ ಇಡೀ ಸೀಮೆ ನಡೆದುಕೊಳ್ಳುತ್ತದೆ. ಜಾತ್ರೆಯಲ್ಲಿ ಕೊಬ್ಬರಿ ಸುಡುತ್ತಾರೆ, ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ. ಬರದ ನಾಡಿನಲ್ಲಿ ಕೆರೆ ಕಟ್ಟಿಸಿ, ಮಾಡಿದ ಕೆಲಸಕ್ಕೆ ತಕ್ಕಷ್ಟು ಕೂಲಿ ಕೊಟ್ಟವರು ಎಂಬುದು ಅವರ ಐತಿಹ್ಯ. ಮಾಡಿದಷ್ಟು ನೀಡು ಭಿಕ್ಷೆ ಎಂಬ ಮಾತು ಅವರದೆಂದು ಜನರ ಬಾಯಲ್ಲಿದೆ.

ಇಷ್ಟೆಲ್ಲ ದೇವರುಗಳ ಮಕ್ಕಳನ್ನು ಒಂದೇ ಬೆಂಚಿನ ಮೇಲೆ ಕೂರಿಸಿ, ನಿಮ್ಮ ಧರ್ಮ ಇದು ಎಂದು ಒಂದು ಗ್ರಂಥ ಕೈಗಿಟ್ಟರೆ ಏನಾಗುತ್ತದೆ? ಮುಸ್ಲಿಂ, ಕ್ರೈಸ್ತ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ, ಅದು ನಿಜ. ಅದರ ಜೊತೆಗೆ ಗಣತಿಯ ಕಾಲಮ್ಮಿನಲ್ಲಿ ಹಿಂದೂ ಎಂದು ಬರೆಸುವ ನಮ್ಮ ಹಟ್ಟಿಯ ಮಗುವಿಗೂ ಅನ್ಯಾಯವಾಗುತ್ತದೆ. ತನ್ನ ಅಜ್ಜಿ ಹಾಡುವ ದೇವರು ಪುಸ್ತಕದಲ್ಲಿಲ್ಲ ಎಂದು ಅದಕ್ಕೆ ತಿಳಿಯುತ್ತದೆ. ಪುಸ್ತಕದಲ್ಲಿಲ್ಲದ್ದು ಪರೀಕ್ಷೆಗೆ ಬರುವುದಿಲ್ಲ. ಪರೀಕ್ಷೆಗೆ ಬಾರದ್ದು ದೊಡ್ಡದಲ್ಲ ಎಂಬುದನ್ನು ಮಕ್ಕಳು ಬಹಳ ಬೇಗ ಕಲಿಯುತ್ತಾರೆ. ಅಲ್ಲಿಂದ ಮುಂದೆ ಅಜ್ಜಿಯ ದೇವರ ಹೆಸರು ಹೇಳಲು ನಾಚಿಕೆ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಸಾವಿರಾರು ಹಾಡು ಅವರ ಕಂಠದಲ್ಲಿತ್ತು. ಕೃಷ್ಣಮೂರ್ತಿ ಹನೂರು ಅಂಥವರು ಕೂತು ಕೇಳಿ ಬರೆದುಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. ವಿಶ್ವವಿದ್ಯಾಲಯ ತಲೆಬಾಗಿದ ಆ ತಿಳಿವಿಗೆ ಪಕ್ಕದ ಪ್ರಾಥಮಿಕ ಶಾಲೆಯಲ್ಲಿ ಒಂದು ಪಿರಿಯಡ್ ಇಲ್ಲವೆಂದರೆ, ನಾವು ಧರ್ಮದ ಪಾಠದ ಬಗ್ಗೆ ಮಾತಾಡುತ್ತಿರುವುದು ಯಾರ ಧರ್ಮದ ಬಗ್ಗೆ?

5. ಸುದ್ದಿಯೇ ಬೇಡ ಎನ್ನುವವರಿಗೆ

ಇನ್ನೊಂದು ಪಕ್ಷವಿದೆ. ಶಾಲೆಯೊಳಗೆ ಧರ್ಮದ ಹೆಸರೇ ಬೇಡ, ವಿಜ್ಞಾನ ಗಣಿತ ಕಲಿಸಿ ಸಾಕು ಎನ್ನುತ್ತದೆ ಅದು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಕನ್ನಡ ಮೇಷ್ಟ್ರಾದವನು ಈ ಸಲಹೆ ಪಾಲಿಸುವುದು ಹೇಗೆ? ಪಂಪನನ್ನು ಜೈನಧರ್ಮ ಬಿಟ್ಟು ಪಾಠ ಮಾಡುವುದು ಹೇಗೆ? ವಚನ, ಕೀರ್ತನೆ, ಶರೀಫರ ತತ್ವಪದ, ಇವುಗಳಲ್ಲಿ ಧರ್ಮವನ್ನು ಸೋಸಿ ತೆಗೆದರೆ ಉಳಿಯುವುದು ವ್ಯಾಕರಣ. ಕನ್ನಡ ಪಠ್ಯಪುಸ್ತಕವೇ ಒಂದು ಬಗೆಯಲ್ಲಿ ಧರ್ಮಗಳ ಪರಿಚಯ. ಎಷ್ಟೋ ವರ್ಷಗಳಿಂದ ಮುಸ್ಲಿಂ ಮೇಷ್ಟ್ರು ವಚನ ಕಲಿಸಿದ್ದಾರೆ, ಲಿಂಗಾಯತ ಮೇಷ್ಟ್ರು ದಾಸರ ಪದ ಕಲಿಸಿದ್ದಾರೆ. ಯಾವ ಮಗುವೂ ಅದರಿಂದ ಮತಾಂತರವಾಗಲಿಲ್ಲ.

ಇದಕ್ಕೆ ನಮ್ಮ ಚಳ್ಳಕೆರೆ ತಾಲ್ಲೂಕಿನಲ್ಲೇ ದೊಡ್ಡ ಮಾದರಿ ಇದೆ. ತಳುಕಿನ ಟಿ.ಎಸ್. ವೆಂಕಣ್ಣಯ್ಯ ಮೈಸೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದವರು. ಕುವೆಂಪು ತಮ್ಮ ರಾಮಾಯಣ ದರ್ಶನವನ್ನು ಈ ಗುರುವಿಗೇ ಅರ್ಪಿಸಿದರು. ವೈದಿಕ ಮನೆತನದ ವೆಂಕಣ್ಣಯ್ಯನವರು ಹರಿಹರನ ಬಸವರಾಜದೇವರ ರಗಳೆಯನ್ನು ಸಂಪಾದಿಸಿದರು. ಅವರ ತಮ್ಮ ತ.ಸು. ಶಾಮರಾಯರು ಶಿವಶರಣರ ಕಥೆಗಳ ರತ್ನಕೋಶವನ್ನೇ ಬರೆದರು. ತಮ್ಮದಲ್ಲದ ಪರಂಪರೆಯನ್ನು ಅಷ್ಟು ಶ್ರದ್ಧೆಯಿಂದ ಓದಿ, ಅಷ್ಟೇ ಶಿಸ್ತಿನಿಂದ ನಾಡಿಗೆ ಕೊಟ್ಟರು. ಶಾಲೆಯಲ್ಲಿ ಧರ್ಮವನ್ನು ತಿಳಿಸುವ ಶಿಕ್ಷಕ ಹೇಗಿರಬೇಕು ಎಂದು ಕೇಳಿದರೆ ನಾನು ತಳುಕಿನ ಆ ಮನೆಯ ಕಡೆ ಕೈತೋರಿಸುತ್ತೇನೆ.

ಶಾಲೆ ಸುಮ್ಮನಿದ್ದರೆ ಮಗು ಧರ್ಮದ ಬಗ್ಗೆ ಏನೂ ಕಲಿಯುವುದಿಲ್ಲ ಎಂದು ತಿಳಿಯಬೇಡಿ. ಅದರ ಅಣ್ಣನ ಕೈಯಲ್ಲಿ ಮೊಬೈಲ್ ಇದೆ. ಪಕ್ಕದ ಓಣಿಯವರ ದೇವರ ಬಗ್ಗೆ ಅದು ಮೊದಲು ಕೇಳುವುದು ವಾಟ್ಸ್ಆ್ಯಪ್‌ನಲ್ಲಿ, ಅದೂ ಬೈಗುಳದ ಜೊತೆ.

6. ಊಟದ ಸಾಲು ಮತ್ತು ಹಾಜರಿ ಪುಸ್ತಕ

ಶಾಲೆಗೆ ಧರ್ಮ ಪಠ್ಯದ ಮೂಲಕವೇ ಬರಬೇಕೆಂದಿಲ್ಲ. ಮಧ್ಯಾಹ್ನದ ಬಿಸಿಯೂಟದ ತಟ್ಟೆಯಲ್ಲಿ ಅದು ಆಗಲೇ ಬಂದಿದೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮಕ್ಕಳು ಹಟ ಹಿಡಿದು ಮೊಟ್ಟೆ ಬೇಕೆಂದರು. ಆಮೇಲೆ ಅದು ರಾಜ್ಯಕ್ಕೆಲ್ಲ ಬಂತು, ನಮ್ಮ ಶಾಲೆಗಳಿಗೂ ಬಂತು.

ಈಗ ಊಟದ ಸಾಲು ನೋಡಿ. ಅಡುಗೆಯವರು ಒಂದು ಬುಟ್ಟಿಯಲ್ಲಿ ಬೇಯಿಸಿದ ಮೊಟ್ಟೆ, ಇನ್ನೊಂದರಲ್ಲಿ ಬಾಳೆಹಣ್ಣು ಇಟ್ಟುಕೊಂಡಿರುತ್ತಾರೆ. ಲಿಂಗಾಯತರ ಹುಡುಗಿ ಬಾಳೆಹಣ್ಣಿಗೆ ಕೈಚಾಚುತ್ತಾಳೆ. ಅವಳ ಹಿಂದೆ ನಿಂತ ಮ್ಯಾಸರ ಹುಡುಗನ ಮನೆಯಲ್ಲಿ ಕುರಿ ಕಡಿಯುತ್ತಾರೆ, ಕೋಳಿ ಮಾತ್ರ ಸಲ್ಲದು. ಅವನೂ ಬಾಳೆಹಣ್ಣೇ ತೆಗೆದುಕೊಳ್ಳುತ್ತಾನೆ. ಅವನ ಪಕ್ಕದ ಪಿಂಜಾರರ ಹುಡುಗ ಮೊಟ್ಟೆ ಸುಲಿಯುತ್ತಾನೆ. ಏಕೆ ತಿನ್ನುವುದಿಲ್ಲ ಎಂದು ಅಡುಗೆಯಮ್ಮ ಯಾರನ್ನೂ ಕೇಳುವುದಿಲ್ಲ. ಮೂವರೂ ಒಂದೇ ಜಗಲಿಯ ಮೇಲೆ ಕೂತು ತಿನ್ನುತ್ತಾರೆ. ಸರ್ಕಾರ ಒಂದು ನಂಬಿಕೆಗೆ ಮಣಿದು ಎಲ್ಲರ ಮೊಟ್ಟೆ ಕಸಿಯಲಿಲ್ಲ. ಎಲ್ಲರಿಗೂ ಮೊಟ್ಟೆ ಕಡ್ಡಾಯ ಮಾಡಿ ಯಾರ ನಂಬಿಕೆಯನ್ನೂ ತುಳಿಯಲಿಲ್ಲ. ಧರ್ಮದ ವಿಷಯದಲ್ಲಿ ಶಾಲೆ ನಡೆದುಕೊಳ್ಳಬೇಕಾದ ರೀತಿ ಇದು.

ಇನ್ನೊಂದು ಕಷ್ಟದ ವಿಷಯವೂ ಇದೆ. ಮುಟ್ಟಾದವರನ್ನು ಊರ ಹೊರಗಿಡುವ ರೂಢಿ ಕೆಲವು ಗೊಲ್ಲರಹಟ್ಟಿಗಳಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ದೇವರಿಗೆ ಸೂತಕ ತಾಗಬಾರದು ಎಂಬುದು ಅದರ ಹಿಂದಿನ ಕಾರಣ. ಪೇಟೆಯ ಮನೆಗಳಲ್ಲೂ ಇದು ಬೇರೆ ರೂಪದಲ್ಲಿ ಇದೆ. ಹಟ್ಟಿಯವರನ್ನು ಮಾತ್ರ ಬೆರಳು ಮಾಡಿ ತೋರಿಸುವುದು ತಪ್ಪು. ಆದರೆ ಎಂಟನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಒಂದೇ ಹುಡುಗಿಯ ಹೆಸರಿನ ಮುಂದೆ ತಿಂಗಳು ತಿಂಗಳು ಸಾಲಾಗಿ ಗೈರುಹಾಜರಿ ಬಿದ್ದರೆ, ಕಾರಣ ಏನೆಂದು ಮೇಡಮ್ಮಿಗೆ ಗೊತ್ತಾಗುತ್ತದೆ.

ಆ ಹುಡುಗಿಯನ್ನು ಮುಂದಿಟ್ಟುಕೊಂಡು ನಮ್ಮ ಪ್ರಶ್ನೆಯನ್ನು ಮತ್ತೆ ಕೇಳೋಣ. ಶಾಲೆ ನಂಬಿಕೆಯನ್ನೇ ಬೋಧಿಸುವುದಾದರೆ, ದೇವರ ಕಟ್ಟಳೆ ಸರಿ ಎಂದು ಅವಳಿಗೆ ಹೇಳಬೇಕಾಗುತ್ತದೆ. ಧರ್ಮದ ಸುದ್ದಿಯೇ ಬೇಡ ಎಂದು ಬಾಯಿ ಮುಚ್ಚಿಕೊಂಡರೆ ಅವಳ ಗೈರುಹಾಜರಿಗೆ ಮಾತೇ ಇಲ್ಲ. ಶಾಲೆ ಧರ್ಮಗಳನ್ನು ತಿಳಿವಳಿಕೆಯ ವಿಷಯವಾಗಿ ಇಟ್ಟುಕೊಂಡರೆ ಮಾತ್ರ ಒಂದು ದಾರಿ ತೆರೆಯುತ್ತದೆ. ವಿಜ್ಞಾನದ ತರಗತಿಯಲ್ಲಿ ಅವಳು ಮುಟ್ಟು ಎಂದರೇನು ಎಂದು ಕಲಿಯುತ್ತಾಳೆ. ಸಮಾಜ ವಿಜ್ಞಾನದ ತರಗತಿಯಲ್ಲಿ ರೂಢಿಗಳು ಹುಟ್ಟುವುದು, ಬದಲಾಗುವುದು, ಬಿಟ್ಟುಹೋಗುವುದು ಹೇಗೆಂದು ಕಲಿಯುತ್ತಾಳೆ. ಕ್ಯಾತಪ್ಪನ ಹಾಡನ್ನು ಹೆಮ್ಮೆಯಿಂದ ಹಾಡುತ್ತಾ ಹಟ್ಟಿಯ ಹೊರಗೆ ಮಲಗಲು ಒಲ್ಲೆ ಎನ್ನುವುದು ಅವಳಿಗೆ ಸಾಧ್ಯವಾಗುತ್ತದೆ. ಹಟ್ಟಿಗಳಲ್ಲಿ ಓದಿದ ಹೆಣ್ಣುಮಕ್ಕಳು ಈ ಮಾತು ಆಡಲು ಶುರುಮಾಡಿದ್ದಾರೆ. ಅವರ ಬೆನ್ನಿಗೆ ಶಾಲೆ ನಿಲ್ಲಬೇಕು.

7. ಮಾಡಬಹುದಾದದ್ದು

ಮಕ್ಕಳಲ್ಲಿ ನೀತಿ ಕುಸಿಯುತ್ತಿದೆ, ಅದಕ್ಕೇ ಧರ್ಮ ಬೇಕು ಎನ್ನುವ ತಂದೆ ತಾಯಿಗಳ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯೂ ನೈತಿಕ ಶಿಕ್ಷಣಕ್ಕೆ ಜಾಗ ಕೊಟ್ಟಿದೆ. 2023ರಿಂದ ನಮ್ಮ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸುತ್ತಿದ್ದಾರೆ. ನೀತಿಯ ಪಾಠಕ್ಕೆ ಪೀಠಿಕೆಯ ನ್ಯಾಯ, ಸಮಾನತೆ, ಭ್ರಾತೃತ್ವವೂ ಅಕ್ಷರಗುಂಡಿನ ಐದಾರು ಮಾತುಗಳೂ ಸಾಲುತ್ತವೆ. ಆದರೆ ನೀತಿ ಓದಿಸಿದ್ದಕ್ಕಿಂತ ನೋಡಿದ್ದರಿಂದ ಬರುತ್ತದೆ. ತರಗತಿಯಲ್ಲಿ ದಲಿತರ ಮಗು ಕುಡಿದ ಲೋಟವನ್ನು ಬೇರೆ ಇಡುವ ಶಾಲೆಯಲ್ಲಿ ಯಾವ ಶ್ಲೋಕ ಹೇಳಿಸಿದರೂ ಫಲವಿಲ್ಲ.

ಧರ್ಮಗಳ ತಿಳಿವಳಿಕೆಯ ಬಗ್ಗೆ ನನ್ನ ಸಲಹೆಗಳು ಇಷ್ಟು. ಒಂದು, ಅದಕ್ಕೆ ಬೇರೆ ಪುಸ್ತಕ, ಬೇರೆ ಪಿರಿಯಡ್ ಬೇಡ. ಕನ್ನಡ ಮತ್ತು ಸಮಾಜ ವಿಜ್ಞಾನದ ಪಾಠಗಳಲ್ಲೇ ಬರಲಿ. ಎರಡು, ನಂಬಿಕೆಗೆ ಅಂಕ ಬೇಡ, ಬಾಯಿಪಾಠ ಬೇಡ, ಪೂಜೆಗೆ ಹಾಜರಿ ಬೇಡ. ಮೂರು, ಪ್ರತಿ ಶಾಲೆಯೂ ತನ್ನ ಸುತ್ತಲಿನ ದೇವರು, ಜಾತ್ರೆ, ಉರುಸು, ಶಾಸನಗಳನ್ನು ಮಕ್ಕಳಿಂದಲೇ ಬರೆಸಿ ಸಂಗ್ರಹಿಸಲಿ. ಏಳನೆಯ ತರಗತಿಯ ಹುಡುಗಿ ಅಜ್ಜಿಯ ಹತ್ತಿರ ಕೂತು ಮಾರಮ್ಮನ ಕಥೆ ಬರೆದುಕೊಳ್ಳಲಿ. ಅವಳ ಪಕ್ಕದ ಹುಡುಗ ದರ್ಗಾದ ಕಥೆ ಬರೆಯಲಿ. ಇಬ್ಬರೂ ಅದಲು ಬದಲು ಮಾಡಿಕೊಂಡು ತರಗತಿಗೆ ಓದಿ ಹೇಳಲಿ. ನಾಲ್ಕು, ಶಿಕ್ಷಕರಿಗೆ ತರಬೇತಿ ಬೇಕು. ನಮ್ಮ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಕನ್ನಡ, ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ ಪಕ್ಷಪಾತವಿಲ್ಲದೆ ಧರ್ಮಗಳನ್ನು ಪರಿಚಯಿಸುವ ಅಂಥದೇ ತರಬೇತಿ ಏಕೆ ಇರಬಾರದು? ಐದು, ಮಗು ಕೇಳಿದ ಪ್ರಶ್ನೆಗೆ ಶಿಕ್ಷೆ ಇರಬಾರದು, ತನ್ನ ದೇವರಿಗೆ ಕೈಮುಗಿದದ್ದಕ್ಕೆ ನಗೆಯೂ ಇರಬಾರದು.

ಇವುಗಳಲ್ಲಿ ತರಬೇತಿಯೊಂದನ್ನು ಬಿಟ್ಟರೆ ಉಳಿದ ಯಾವುದಕ್ಕೂ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ಹೆಚ್ಚಿನ ಹಣವೂ ಬೇಡ. ಇಲ್ಲಿ ಕೂತಿರುವ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿಯವರು ಮನಸ್ಸು ಮಾಡಿದರೆ ಬರುವ ಜೂನ್‌ನಲ್ಲೇ ಶುರುಮಾಡಬಹುದು. ಮೊದಲ ಪಾಠಕ್ಕೆ ಜಾಗವನ್ನೂ ಸೂಚಿಸುತ್ತೇನೆ: ಎರಡೂ ತಾಲ್ಲೂಕಿನ ಪ್ರತಿ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ, ಆ ಬಂಡೆಯ ಮುಂದೆ ಕೂರಿಸಿ, ಅದರ ಅರ್ಥ ಹೇಳಿ. ದೇವರನ್ನು ಕಲಿಸುವ ಕೆಲಸವನ್ನು ಮನೆಗೆ, ಮಠಕ್ಕೆ, ಮಸೀದಿಗೆ, ಚರ್ಚಿಗೆ, ಹಟ್ಟಿಯ ಅಜ್ಜಿಗೆ ಬಿಡಿ. ಒಬ್ಬರ ದೇವರನ್ನು ಇನ್ನೊಬ್ಬರು ಅರಿಯುವುದನ್ನು ಮಾತ್ರ ಶಾಲೆಯಲ್ಲಿ ತಪ್ಪದೆ ಕಲಿಸಿ ಎಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.